ಕ್ರೈಸ್ತ ಕಾಲೇಜಿನಲ್ಲಿ ನಂಬಿಕೆಗೆ ಜಾಗ ಎಲ್ಲಿ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯಲ್ಲಿ ನಮ್ಮ ಕ್ರೈಸ್ತ ಸಂಸ್ಥೆಯ ಪದವಿ ಕಾಲೇಜಿದೆ, ಜೊತೆಗೆ ಪಿಯು ವಿಭಾಗವೂ ಇದೆ. ಸುಮಾರು 600 ವಿದ್ಯಾರ್ಥಿಗಳಲ್ಲಿ ಕ್ರೈಸ್ತರು 40ರ ಆಸುಪಾಸು. ಆಡಳಿತ ಮಂಡಳಿಯಲ್ಲಿ ಎರಡು ಗುಂಪಾಗಿದೆ. ಮುಂಜಾನೆಯ ಆರಾಧನೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿ ಹಾಜರಿ ಹಾಕಬೇಕು, ಇಲ್ಲದಿದ್ದರೆ ಇದು ಕ್ರೈಸ್ತ ಕಾಲೇಜು ಹೇಗಾದೀತು ಎನ್ನುವವರು ಒಂದು ಕಡೆ. ಕಾಲ ಸರಿಯಿಲ್ಲ, ಪ್ರಾರ್ಥನೆ ಗೀರ್ಥನೆ ಎಲ್ಲ ನಿಲ್ಲಿಸಿ, ಒಳ್ಳೆಯ ಫಲಿತಾಂಶ ತಂದರೆ ಸಾಕು ಎನ್ನುವವರು ಇನ್ನೊಂದು ಕಡೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಎರಡೂ ಗುಂಪಿನವರು ಒಂದು ವಿಷಯದಲ್ಲಿ ಒಂದೇ ಮಾತು ಹೇಳುತ್ತಿದ್ದಾರೆ. ಕಾಲೇಜಿನ ನಂಬಿಕೆ ಇರುವುದು ಮುಂಜಾನೆಯ ಆ 20 ನಿಮಿಷದಲ್ಲಿ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ. ಅದನ್ನು ಬಿಗಿಯಾಗಿ ಹಿಡಿಯಬೇಕೋ ಕೈಬಿಡಬೇಕೋ ಎಂಬುದಷ್ಟೇ ಜಗಳ. ನಮ್ಮ ದೃಷ್ಟಿಯಲ್ಲಿ ಕಾಲೇಜಿನ ನಂಬಿಕೆಯನ್ನು ಅಳೆಯಬೇಕಾದದ್ದು ಪ್ರವೇಶ ಸಮಿತಿಯ ಕೋಣೆಯಲ್ಲಿ, ಉಪನ್ಯಾಸಕರ ಸಂದರ್ಶನದಲ್ಲಿ, ಪಾಠದ ತರಗತಿಯಲ್ಲಿ, ತಪ್ಪು ಮಾಡಿದ ಹುಡುಗನ ಫೈಲಿನಲ್ಲಿ. ಆರಾಧನೆ ಇರಲೇಬೇಕು, ಚೆನ್ನಾಗಿಯೇ ನಡೆಯಬೇಕು. ಆದರೆ ಬಂದವರು ಮನಸ್ಸಿನಿಂದ ಬಂದಿರಬೇಕು.

ಮೊದಲು ಕಾನೂನಿನ ಮಾತು ಮುಗಿಸೋಣ. ಕಡ್ಡಾಯ ಮಾಡುವ ದಾರಿ ನಿಮಗೆ ತೆರೆದೇ ಇಲ್ಲ. ಸರ್ಕಾರದ ಮಾನ್ಯತೆ ಇರುವ ಅಥವಾ ಸರ್ಕಾರದ ಅನುದಾನ ಪಡೆಯುವ ಯಾವ ವಿದ್ಯಾಸಂಸ್ಥೆಯಲ್ಲೂ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಅವನನ್ನು ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ, ವಿದ್ಯಾರ್ಥಿ ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆ ಬೇಕು ಎಂದು ಸಂವಿಧಾನದ 28ನೇ ವಿಧಿಯ 3ನೇ ಖಂಡ ಹೇಳುತ್ತದೆ. ಅನುದಾನವಿಲ್ಲದಿದ್ದರೂ ಮಾನ್ಯತೆ ಇದ್ದರೆ ಇದು ಅನ್ವಯಿಸುತ್ತದೆ ಎಂಬುದನ್ನು ಬಹಳ ಸಂಸ್ಥೆಗಳು ಮರೆಯುತ್ತವೆ. "ನಮಗೆ 30ನೇ ವಿಧಿ ಇದೆಯಲ್ಲ" ಎಂಬ ಮಾತು ಮಂಡಳಿಯ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು 30ನೇ ವಿಧಿ ಕೊಡುತ್ತದೆ ನಿಜ. ಸುಪ್ರೀಂ ಕೋರ್ಟಿನ 1974ರ ಅಹಮದಾಬಾದ್ ಸೇಂಟ್ ಝೇವಿಯರ್ಸ್ ತೀರ್ಪು, 2002ರ ಟಿ.ಎಂ.ಎ. ಪೈ ತೀರ್ಪು ಆ ಹಕ್ಕನ್ನು ಎತ್ತಿಹಿಡಿದಿವೆ. ಆದರೆ ಅದು ಆಡಳಿತದ ಹಕ್ಕು, ಓದಲು ಬಂದ ಹುಡುಗಿಯ ಅಂತಃಕರಣದ ಮೇಲಿನ ಹಕ್ಕಲ್ಲ.

ಎರಡನೆಯ ಗುಂಪಿನವರಿಗೂ ಕಾನೂನಿನಲ್ಲಿ ಉತ್ತರವಿದೆ. ಧರ್ಮದ ಬಗ್ಗೆ ಪಾಠ ಮಾಡುವುದಕ್ಕೂ ಧರ್ಮವನ್ನು ಬೋಧಿಸುವುದಕ್ಕೂ ವ್ಯತ್ಯಾಸವಿದೆ ಎಂದು ಸುಪ್ರೀಂ ಕೋರ್ಟ್ 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ, ಮತ್ತೆ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಮೊದಲನೆಯದರಲ್ಲಿ ಪ್ರಶ್ನೆ ಇದ್ದದ್ದು ಗುರುನಾನಕರ ಜೀವನ, ಉಪದೇಶಗಳ ಅಧ್ಯಯನದ ಬಗ್ಗೆ. ಅದು ಧಾರ್ಮಿಕ ಬೋಧನೆಯಲ್ಲ ಎಂದು ಕೋರ್ಟು ತೀರ್ಮಾನಿಸಿತು. ಆದ್ದರಿಂದ ಬೈಬಲಿನ ಒಂದು ಸಾಮತಿಯನ್ನು, ಅಂದರೆ ನೀತಿ ಹೇಳುವ ಪುಟ್ಟ ಕಥೆಯನ್ನು, ಅರ್ಥಶಾಸ್ತ್ರದ ತರಗತಿಯಲ್ಲಿ ಚರ್ಚೆಗೆ ತರಲು ನೀವು ಹೆದರಬೇಕಾಗಿಲ್ಲ. ಅದನ್ನು ನಂಬಿ ಎಂದು ಒತ್ತಾಯಿಸುವಂತಿಲ್ಲ, ಅಷ್ಟೇ.

ಕಾನೂನನ್ನು ಬದಿಗಿಟ್ಟರೂ ನಾವು ಕಡ್ಡಾಯಕ್ಕೆ ವಿರೋಧವೇ. ಕಾರಣ ಕ್ರೈಸ್ತ ನಂಬಿಕೆಯ ಒಳಗೇ ಇದೆ. ವಿಶ್ವಾಸ ಎನ್ನುವುದು ಸ್ವಭಾವದಿಂದಲೇ ಸ್ವತಂತ್ರ ಕ್ರಿಯೆ, ಯಾರನ್ನೂ ಅದಕ್ಕೆ ಬಲವಂತ ಮಾಡಬಾರದು ಎಂದು ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರಿನ ಘೋಷಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬೇರೆ ಧರ್ಮದ ವಿದ್ಯಾರ್ಥಿಗಳ ಮೇಲೆ ನಮ್ಮ ಕ್ರೈಸ್ತ ಸಂಪ್ರದಾಯಗಳನ್ನು ಹೇರಬೇಡಿ, ಮುಂಜಾನೆಯ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ, ಎಲ್ಲ ಧರ್ಮದವರಿಗೂ ಪ್ರಾರ್ಥನೆಗೆ ಒಂದು ಕೋಣೆ ಇಡಿ ಎಂದು ಭಾರತದ ಕಥೋಲಿಕ ಬಿಷಪರ ಮಂಡಳಿ 2024ರ ಏಪ್ರಿಲಿನಲ್ಲಿ ತನ್ನ ಶಾಲೆಗಳಿಗೆ ಸೂಚನೆ ಕೊಟ್ಟಿತು. ನಿಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಥವಾ ಮೆಥೋಡಿಸ್ಟ್‌ನಂಥ ಪ್ರೊಟೆಸ್ಟೆಂಟ್ ಸಂಸ್ಥೆಯಾಗಿದ್ದರೆ ಈ ಸೂಚನೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೂ ಒಳ್ಳೆಯ ಮಾದರಿ, ಎದುರಿಗೆ ಇಟ್ಟುಕೊಳ್ಳಿ.

ಇನ್ನು ನಂಬಿಕೆಯನ್ನು ಮರೆಮಾಚಿ ಬದುಕೋಣ ಎನ್ನುವವರ ಭಯ. ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ನಮ್ಮ ಭಾಗದ ಜನರಿಗೆ ಧರ್ಮದಿಂದ ಹುಟ್ಟಿದ ವಿದ್ಯಾಸಂಸ್ಥೆ ಹೊಸದೇನಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದ್ದು, ವಿಜಯಪುರದ ಬಿ.ಎಲ್.ಡಿ.ಇ. 1910ರದ್ದು, ಬೆಳಗಾವಿಯ ಕೆ.ಎಲ್.ಇ. 1916ರದ್ದು. ಮಠಗಳ ಪ್ರಸಾದ ನಿಲಯದಲ್ಲಿ ಉಂಡು ಓದಿ ಮೇಲೆ ಬಂದವರು ಈ ಮೂರು ಜಿಲ್ಲೆಗಳ ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯ ಬೇರು 1832ರಲ್ಲಿದೆ, ಸೇಂಟ್ ಪಾಲ್ಸ್ ಶಾಲೆ 1856ರಲ್ಲಿ ಶುರುವಾದದ್ದು. ನಿಮ್ಮ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಕಾರರ ನಡುವೆ ಬಾಸೆಲ್ ಮಿಷನ್ ಹತ್ತೊಂಬತ್ತನೆಯ ಶತಮಾನದಲ್ಲೇ ನೆಲೆಯೂರಿತ್ತು. ಇಲ್ಲಿನ ತಂದೆತಾಯಿ ಮಕ್ಕಳನ್ನು ನಿಮ್ಮ ಹತ್ತಿರ ಕಳಿಸುವಾಗ ಅದು ಯಾರ ಸಂಸ್ಥೆ ಎಂದು ತಿಳಿದೇ ಕಳಿಸುತ್ತಾರೆ. ಅವರಿಗೆ ಅನುಮಾನ ಬರುವುದು ಶಿಲುಬೆ ಕಂಡಾಗ ಅಲ್ಲ. ಹೇಳುವುದೊಂದು, ಒಳಗೆ ನಡೆಯುವುದು ಇನ್ನೊಂದು ಎಂದು ಅನ್ನಿಸಿದಾಗ.

ಹಾಗಾದರೆ ಮುಂಜಾನೆಯನ್ನು ಹೇಗೆ ಕಟ್ಟುವುದು? ಆರಾಧನೆಯನ್ನೂ ಸಭೆಯನ್ನೂ ಬೇರೆ ಬೇರೆ ಮಾಡಿ. ಬೇರೆ ಹೊತ್ತು, ಬೇರೆ ಜಾಗ. ತರಗತಿ 10 ಗಂಟೆಗೆ ಶುರುವಾಗುವುದಾದರೆ 9:25ರಿಂದ 9:40ರವರೆಗೆ ಪ್ರಾರ್ಥನಾ ಕೋಣೆಯಲ್ಲಿ ಆರಾಧನೆ. ಒಂದು ಕೀರ್ತನೆ, ಸುವಾರ್ತೆಯ (ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕ) ಒಂದು ಭಾಗ, ಅದರ ಮೇಲೆ ಮೂರು ನಿಮಿಷಕ್ಕೆ ಮೀರದ ಮಾತು, ಇತರರಿಗಾಗಿ ಮಾಡುವ ಮಧ್ಯಸ್ಥ ಪ್ರಾರ್ಥನೆ. 9:50ಕ್ಕೆ ಅಂಗಳದಲ್ಲಿ ಎಲ್ಲರ ಸಭೆ. ನಾಡಗೀತೆ ಅಥವಾ ರಾಷ್ಟ್ರಗೀತೆ, ಪ್ರಸ್ತಾವನೆಯ ಓದು, ಒಂದು ನಿಮಿಷ ಮೌನ, ಆ ದಿನದ ಸೂಚನೆಗಳು. ಈ ಸಭೆಗೆ ಎಲ್ಲರೂ ಬರಲಿ. ಆ ಒಂದು ನಿಮಿಷದ ಮೌನವನ್ನು ಕಡೆಗಣಿಸಬೇಡಿ. 600 ಜನ ಒಟ್ಟಿಗೆ ಸುಮ್ಮನೆ ನಿಲ್ಲುವುದು ಮಕ್ಕಳಿಗೆ ಬೇರೆಲ್ಲೂ ಸಿಗದ ಅನುಭವ. ಅಲ್ಲಿ ಕ್ರೈಸ್ತ ಹುಡುಗ ತನ್ನ ಪ್ರಾರ್ಥನೆ ಮಾಡುತ್ತಾನೆ, ಇಷ್ಟಲಿಂಗ ಕಟ್ಟಿಕೊಂಡವಳು ತನ್ನದು, ಏನೂ ಇಲ್ಲದವನು ಉಸಿರು ಎಣಿಸುತ್ತಾನೆ.

ಇಲ್ಲಿ ಒಂದು ತಪ್ಪು ಬಹಳ ಕಡೆ ಆಗುತ್ತದೆ. ಸರ್ವಧರ್ಮ ಸಮಭಾವ ಎಂದು ಪ್ರತಿದಿನ ಒಂದು ಶ್ಲೋಕ, ಒಂದು ಆಯತ್, ಒಂದು ವಚನ, ಒಂದು ಬೈಬಲ್ ವಾಕ್ಯ ಸೇರಿಸಿ ಗಡಿಬಿಡಿಯಲ್ಲಿ ಓದಿಸುತ್ತಾರೆ. ನಾಲ್ಕರಲ್ಲಿ ಒಂದೂ ಯಾರ ಕಿವಿಗೂ ಬೀಳುವುದಿಲ್ಲ. ಓದಿಸುವುದಿದ್ದರೆ ವಾರಕ್ಕೆ ಒಂದೇ ಪಠ್ಯ ತೆಗೆದುಕೊಳ್ಳಿ, ಅದು ಎಲ್ಲಿಯದು, ಯಾವ ಸಂದರ್ಭದ್ದು ಎಂದು ಎರಡು ವಾಕ್ಯ ಹೇಳಿಸಿ, ಆ ಪಠ್ಯವನ್ನು ಮನೆಯಲ್ಲಿ ಕೇಳಿ ಬೆಳೆದ ವಿದ್ಯಾರ್ಥಿಯಿಂದಲೇ ಓದಿಸಿ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ವಚನವನ್ನು ತಪ್ಪು ತಪ್ಪಾಗಿ ಓದಿಸುವ ಕಾಲೇಜು ಬೈಬಲಿನ ಬಗ್ಗೆ ಗೌರವ ನಿರೀಕ್ಷಿಸಲಾಗದು.

ಆರಾಧನೆಗೆ ಒಪ್ಪಿಗೆಪತ್ರ ಹೀಗಿರಲಿ: "ಕಾಲೇಜಿನಲ್ಲಿ ಮುಂಜಾನೆ ನಡೆಯುವ ಕ್ರೈಸ್ತ ಆರಾಧನೆಗೆ ಹೋಗುವುದು ನನ್ನ ಇಷ್ಟಕ್ಕೆ ಬಿಟ್ಟದ್ದು ಎಂದು ತಿಳಿದಿದ್ದೇನೆ. ಭಾಗವಹಿಸಲು ಬಯಸುತ್ತೇನೆ / ಬಯಸುವುದಿಲ್ಲ. ಈ ತೀರ್ಮಾನವನ್ನು ಯಾವಾಗ ಬೇಕಾದರೂ, ಕಾರಣ ಹೇಳದೆ ಬದಲಿಸಬಹುದು. ಇದರಿಂದ ನನ್ನ ಹಾಜರಾತಿ, ಆಂತರಿಕ ಅಂಕ, ಶುಲ್ಕ ರಿಯಾಯಿತಿ, ಹಾಸ್ಟೆಲ್ ಕೋಣೆ ಯಾವುದಕ್ಕೂ ಬಾಧೆಯಿಲ್ಲ." ಇದನ್ನು ಅರ್ಜಿಯ ಜೊತೆ ಕೊಡಬೇಡಿ. ಸೀಟು ಸಿಗುವುದೋ ಇಲ್ಲವೋ ಎಂಬ ಆತಂಕದಲ್ಲಿರುವವನು ಎಲ್ಲದಕ್ಕೂ ಹೂಂ ಎನ್ನುತ್ತಾನೆ. ಪ್ರವೇಶ ಮುಗಿದು ಶುಲ್ಕದ ರಸೀದಿ ಕೈಗೆ ಬಂದ ಮೇಲೆ, ಎರಡನೆಯ ವಾರದಲ್ಲಿ ಕೊಡಿ. ಪಿಯು ಮಕ್ಕಳು 18 ತುಂಬದವರು, ಆದ್ದರಿಂದ ಪೋಷಕರ ಸಹಿ ಬೇಕು. ಪದವಿಯಲ್ಲಿ 18 ತುಂಬಿದವರು ತಾವೇ ಸಹಿ ಮಾಡಲಿ, ಮನೆಯವರನ್ನು ಕೇಳಬೇಕಾಗಿಲ್ಲ. ಓದು ಬಾರದ ತಂದೆತಾಯಿಗೆ ಓದಿ ಹೇಳಿ, ಯಾರು ಓದಿ ಹೇಳಿದರು ಎಂಬುದನ್ನೂ ಕೆಳಗೆ ಬರೆದಿಡಿ. ಆರಾಧನೆಗೆ ಹಾಜರಿ ಪುಸ್ತಕ ಇಡಲೇಬೇಡಿ. ವಿಶ್ವವಿದ್ಯಾಲಯ ಕೇಳುವ ಹಾಜರಾತಿ ಪಾಠದ ತರಗತಿಗಳದ್ದು. ಅದರೊಂದಿಗೆ ಪ್ರಾರ್ಥನೆಯ ಹಾಜರಿಯನ್ನು ಬೆರೆಸಿದ ದಿನ ನೀವು ಒಪ್ಪಿಗೆಪತ್ರವನ್ನು ಹರಿದುಹಾಕಿದಂತೆ.

ಈಗ ಹಣದ ಮಾತಿಗೆ ಬರೋಣ, ಏಕೆಂದರೆ ನಂಬಿಕೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ವಿದೇಶಿ ದೇಣಿಗೆಯ ಕಾನೂನು 2020ರ ತಿದ್ದುಪಡಿಯ ನಂತರ ಬಿಗಿಯಾಗಿದೆ. ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಹೊರಗಿನ ಹಣ ನಿಂತಾಗ ಸಂಸ್ಥೆಗಳು ಶುಲ್ಕ ಏರಿಸುತ್ತವೆ, ಶುಲ್ಕ ಏರಿದಾಗ ಕಬ್ಬು ಕಡಿಯುವವರ, ಗೋವಾಕ್ಕೆ ದುಡಿಯಲು ಹೋದವರ ಮಕ್ಕಳು ಸದ್ದಿಲ್ಲದೆ ಉದುರಿಹೋಗುತ್ತಾರೆ. ಗೋಡೆಯ ಮೇಲೆ ಶಿಲುಬೆ ಹಾಗೇ ಇರುತ್ತದೆ.

ಇದಕ್ಕೆ ಒಂದು ಲೆಕ್ಕ ಹೇಳುತ್ತೇವೆ. ನಿಮ್ಮಲ್ಲಿ ತಲಾ 12,000 ರೂಪಾಯಿ ಶುಲ್ಕ ಎಂದಿಟ್ಟುಕೊಳ್ಳಿ. 600 ಜನರಿಗೆ 72 ಲಕ್ಷ. ಅದರಲ್ಲಿ ಶೇ. 5ನ್ನು, ಅಂದರೆ 3.6 ಲಕ್ಷವನ್ನು, ವರ್ಷದ ಆರಂಭದಲ್ಲೇ ಬೇರೆ ಖಾತೆಗೆ ತೆಗೆದಿಟ್ಟರೆ 30 ಜನರಿಗೆ ಪೂರ್ತಿ ಶುಲ್ಕ ಬಿಡಬಹುದು, ಅಥವಾ 60 ಜನರಿಗೆ ಅರ್ಧ. ಆರಂಭದಲ್ಲೇ ತೆಗೆದಿಡುವುದು ಮುಖ್ಯ. ವರ್ಷದ ಕೊನೆಯಲ್ಲಿ ಉಳಿದರೆ ನೋಡೋಣ ಎಂದ ಕಡೆ ಉಳಿದದ್ದೇ ಇಲ್ಲ. ಆಯ್ಕೆಗೆ ಅಳತೆಗೋಲು ಬರವಣಿಗೆಯಲ್ಲಿರಲಿ: ಮನೆಯ ಆದಾಯ, ತಂದೆ ಅಥವಾ ತಾಯಿ ಇಲ್ಲದಿರುವುದು, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು, ವಲಸೆ ಹೋಗುವ ಕುಟುಂಬ, ದೇವದಾಸಿ ಪದ್ಧತಿಗೆ ಸಿಕ್ಕ ಮನೆಯ ಮಗಳು. ಧರ್ಮ ಈ ಪಟ್ಟಿಯಲ್ಲಿ ಬರಕೂಡದು.

ಇದರಲ್ಲಿ ಇನ್ನೊಂದು ಎಚ್ಚರಿಕೆ ಸೇರಿದೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಒಪ್ಪಿ, 2022ರಲ್ಲಿ ಕಾಯ್ದೆಯಾದ ಮತಾಂತರ ನಿಷೇಧ ಕಾನೂನು ಧಾರ್ಮಿಕ ಸಂಸ್ಥೆಗಳ ಉಚಿತ ಶಿಕ್ಷಣವನ್ನೂ "ಆಮಿಷ"ದ ಪಟ್ಟಿಗೆ ಸೇರಿಸಿತು. ಅದನ್ನು ಹಿಂತೆಗೆಯುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನಿನಲ್ಲಿ ಮಾಡಿತು. ಆದರೆ ಅನುಮಾನ ಜನರ ಮನಸ್ಸಿನಲ್ಲಿ ಉಳಿದುಕೊಳ್ಳುತ್ತದೆ. ಆದ್ದರಿಂದ ರಿಯಾಯಿತಿ ಪಡೆದ ವಿದ್ಯಾರ್ಥಿಯ ಮನೆಗೆ ಚರ್ಚಿನ ಸಭಾಪಾಲಕರಾಗಲಿ ಗುರುಗಳಾಗಲಿ ಆ ಕಾರಣಕ್ಕೆ ಭೇಟಿ ಕೊಡಬಾರದು, ಅವರಿಗೆ ಪುಸ್ತಕ ಕರಪತ್ರ ಹಂಚಬಾರದು, ಅವರ ಫೋಟೋ ತೆಗೆದು ವರದಿಯಲ್ಲಿ ಹಾಕಬಾರದು. ಆಯ್ಕೆ ಸಮಿತಿಯಲ್ಲಿ ಕ್ರೈಸ್ತರಲ್ಲದ ಒಬ್ಬ ಹಿರಿಯ ಅಧ್ಯಾಪಕರು ಇರಲಿ. ಉಪಕಾರಕ್ಕೆ ಪ್ರತಿಯಾಗಿ ನಂಬಿಕೆ ಕೇಳುವುದು ಸುವಾರ್ತೆಗೇ ಅವಮಾನ.

ನೇಮಕಾತಿಯ ವಿಷಯ. ಅಲ್ಪಸಂಖ್ಯಾತ ಕಾಲೇಜಿಗೆ, ಅದು ಅನುದಾನಿತವೇ ಆಗಿರಲಿ, ತನ್ನ ಪ್ರಾಂಶುಪಾಲರನ್ನು ಅರ್ಹರ ನಡುವಿನಿಂದ ತಾನೇ ಆರಿಸಿಕೊಳ್ಳುವ ಹಕ್ಕಿದೆ. 2006ರ ಮಲಂಕರ ಸಿರಿಯನ್ ಕಥೋಲಿಕ್ ಕಾಲೇಜು ತೀರ್ಪಿನಲ್ಲಿ ಇದು ಖಚಿತವಾಗಿದೆ. ಆದರೆ ಯುಜಿಸಿ ಹೇಳಿದ ಅರ್ಹತೆಯಿಂದ ವಿನಾಯಿತಿ ಇಲ್ಲ. ಅನುದಾನಿತ ಸಂಸ್ಥೆಗಳ ಶಿಕ್ಷಕರ ನೇಮಕದಲ್ಲಿ ಗುಣಮಟ್ಟಕ್ಕಾಗಿ ಸರ್ಕಾರ ನಿಯಮ ಮಾಡಬಹುದೆಂದು 2020ರ ಜನವರಿಯ ತೀರ್ಪೊಂದು ಹೇಳಿದೆ. ಇಲ್ಲಿ ನಂಬಿಕೆ ಸೋಲುವುದು ಕೋರ್ಟಿನಲ್ಲಿ ಅಲ್ಲ, ಮನೆಯೊಳಗೆ. ಹುದ್ದೆಗೆ ದೇಣಿಗೆ ಕೇಳಿದ ಸಂಸ್ಥೆಯಲ್ಲಿ, ಚರ್ಚಿನ ಸಭೆಯ ಚುನಾವಣೆಯಲ್ಲಿ ಗೆದ್ದ ಗುಂಪಿನವರ ಅಳಿಯನಿಗೆ ಕೆಲಸ ಸಿಕ್ಕ ಸಂಸ್ಥೆಯಲ್ಲಿ, ಮೌಲ್ಯ ಶಿಕ್ಷಣದ ತರಗತಿ ನಡೆಸಿ ಪ್ರಯೋಜನವೇನು? ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ಕ್ಯಾಂಟೀನಿನಲ್ಲಿ ಯಾವ ಹುದ್ದೆಗೆ ಎಷ್ಟು ಎಂದು ಅವರೇ ಮಾತಾಡಿಕೊಳ್ಳುತ್ತಾರೆ.

ನಿಮ್ಮ ಅಧ್ಯಾಪಕರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂದುಕೊಳ್ಳುತ್ತೇವೆ. ಅದು ಕೊರತೆಯಲ್ಲ. ಸಂದರ್ಶನದಲ್ಲಿ ಅವರ ನಂಬಿಕೆ ಕೇಳಬೇಡಿ, ಕೆಲಸ ಕೇಳಿ: "ಮೂರು ವಾರದಿಂದ ಬಾರದ ವಿದ್ಯಾರ್ಥಿನಿಗೆ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಬಂದಿದೆ. ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ?" ಈ ಒಂದು ಪ್ರಶ್ನೆಯ ಉತ್ತರದಲ್ಲಿ ಬಹಳ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಎರಡು ದಿನ ಕೂರಿಸಿ ಸಂಸ್ಥೆ ಯಾಕೆ ಹುಟ್ಟಿತು, ಶುಲ್ಕ ನಿಧಿ ಹೇಗೆ ನಡೆಯುತ್ತದೆ, ಯಾವುದನ್ನು ಇಲ್ಲಿ ಎಂದೂ ಮಾಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಅವರಲ್ಲಿ ಅನೇಕರು ಈ ಉದ್ದೇಶಕ್ಕೆ ನಿಮ್ಮ ಮಂಡಳಿಯ ಕೆಲವರಿಗಿಂತ ಹೆಚ್ಚು ಪ್ರಾಮಾಣಿಕವಾಗಿ ದುಡಿಯುತ್ತಾರೆ.

ಕಾಲೇಜಿಗೆ ಒಬ್ಬ ಪೂರ್ಣಾವಧಿ ಚಾಪ್ಲಿನ್, ಅಂದರೆ ಆರಾಧನೆ ನಡೆಸಿ ವಿದ್ಯಾರ್ಥಿಗಳ ಕಷ್ಟಸುಖ ಕೇಳುವ ಪಾದ್ರಿ, ಬೇಕು. ಸಂಬಳ ಉಪನ್ಯಾಸಕರಷ್ಟಿರಲಿ, ಆಪ್ತಸಮಾಲೋಚನೆಯ ತರಬೇತಿ ಆಗಿರಲಿ. ಪರೀಕ್ಷಾ ಅಕ್ರಮ ಸಮಿತಿ, ಶಿಸ್ತು ಸಮಿತಿ, ಶುಲ್ಕ ವಸೂಲಿ ಈ ಮೂರರಲ್ಲೂ ಅವರ ಹೆಸರು ಇರಬಾರದು. ಕಾಲೇಜುಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಅಯ್ಯನವರ ಮಾತು ಎಲ್ಲರೂ ಕೇಳುತ್ತಾರೆಂದು ಅವರನ್ನೇ ಶಿಸ್ತಿನ ಮುಖ್ಯಸ್ಥರನ್ನಾಗಿ ಮಾಡುತ್ತಾರೆ. ಆಮೇಲೆ ಅಳು ತಡೆಯಲಾರದ ಹುಡುಗಿ ಯಾರ ಬಾಗಿಲು ತಟ್ಟಬೇಕು?

ತರಗತಿಯ ಒಳಗೆ ನಂಬಿಕೆಯ ಕೆಲಸವೇನು? ಇದೇ ನಮಗೆ ಅತಿ ಮುಖ್ಯ ಪ್ರಶ್ನೆ, ಮತ್ತು ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಬ್ರಿಟಿಷರ ಕಾಲದ ಮಿಷನ್ ಕಾಲೇಜುಗಳಲ್ಲಿ ದಿನಕ್ಕೊಂದು ಬೈಬಲ್ ಪಾಠ ಇರುತ್ತಿತ್ತು, ಉಳಿದ ಹೊತ್ತೆಲ್ಲ ವಿಶ್ವವಿದ್ಯಾಲಯದ ಪರೀಕ್ಷೆಯ ತಯಾರಿ. ಆಕ್ಸ್‌ಫರ್ಡಿನ ಎ.ಡಿ. ಲಿಂಡ್ಸೆ ಅಧ್ಯಕ್ಷತೆಯ ಆಯೋಗ ಭಾರತದ ಕ್ರೈಸ್ತ ಕಾಲೇಜುಗಳನ್ನು ಸುತ್ತಿ 1931ರಲ್ಲಿ ವರದಿ ಕೊಟ್ಟಾಗ ದೊಡ್ಡ ದೂರು ಇದೇ ಆಗಿತ್ತು: ಪರೀಕ್ಷೆಯ ಯಂತ್ರ ಕಾಲೇಜಿನ ಉದ್ದೇಶವನ್ನೇ ನುಂಗಿದೆ. ಇಂದು ಬೈಬಲ್ ಪಾಠದ ಜಾಗದಲ್ಲಿ ಮೌಲ್ಯ ಶಿಕ್ಷಣ ಬಂದಿದೆ, ಕಾಯಿಲೆ ಅದೇ. ವಾರಕ್ಕೊಂದು ಗಂಟೆ, ವರ್ಕ್‌ಲೋಡ್ ಕಡಿಮೆ ಬಿದ್ದವರಿಗೆ ಹಂಚಿಕೆ, ಸತ್ಯ ಹೇಳಬೇಕು ಹಿರಿಯರನ್ನು ಗೌರವಿಸಬೇಕು ಎಂಬ ನೀರಸ ಟಿಪ್ಪಣಿ, ಕೊನೆಗೆ ಒಂದು ಕಿರುಪರೀಕ್ಷೆ.

ಬದಲಿಗೆ ಹೀಗೆ ಮಾಡಿ ನೋಡಿ. ವಾಣಿಜ್ಯ ವಿಭಾಗದ 50 ನಿಮಿಷದ ಒಂದು ತರಗತಿ. ವಿಷಯ: ಕೂಲಿ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿ ತೋಟದ ಯಜಮಾನನ ಸಾಮತಿ ಇದೆ. ಅವನು ನಸುಕಿನಲ್ಲಿ ಕೆಲವರನ್ನು ಒಂದು ದಿನದ ಕೂಲಿಗೆ ಒಪ್ಪಿಸಿ ಕೆಲಸಕ್ಕೆ ಹಚ್ಚುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಸಂತೆಬೀದಿಗೆ ಹೋಗಿ ಸುಮ್ಮನೆ ನಿಂತವರನ್ನು ಕರೆತರುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ಬಿಸಿಲಲ್ಲಿ ದಿನವಿಡೀ ದುಡಿದವರು ಗೊಣಗುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳಿಗೆ ದ್ರಾಕ್ಷಿ ತೋಟ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ಶುರುವಾದರೆ ಆಳು ಸಿಗದೆ ಒದ್ದಾಡುವುದು, ಗುತ್ತಿಗೆಗೆ ಗುಂಪು ಹಿಡಿಯುವುದು, ಗಂಡಾಳಿಗೆ ಒಂದು ಕೂಲಿ ಹೆಣ್ಣಾಳಿಗೆ ಇನ್ನೊಂದು ಎನ್ನುವುದು ಅವರ ಮನೆಯ ಮಾತು.

ಮೊದಲ 7 ನಿಮಿಷ ಸಾಮತಿಯನ್ನು ಇಬ್ಬರಿಂದ ಗಟ್ಟಿಯಾಗಿ ಓದಿಸಿ. ಮುಂದಿನ 15 ನಿಮಿಷ ನಾಲ್ಕು ಗುಂಪು: ಯಜಮಾನ, ನಸುಕಿನಲ್ಲಿ ಬಂದವರು, ಐದಕ್ಕೆ ಬಂದವರು, ಮನೆಯಲ್ಲಿ ಕಾಯುತ್ತಿರುವ ಹೆಂಡತಿ ಮಕ್ಕಳು. ಪ್ರತಿ ಗುಂಪೂ ತನ್ನ ವಾದ ಬರೆಯಲಿ. ಆಮೇಲೆ 20 ನಿಮಿಷ ವಾದ. ಅಧ್ಯಾಪಕರು ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ. ಒಪ್ಪಂದ ಮುರಿಯಿತೇ? ಕೂಲಿ ಎನ್ನುವುದು ಮಾಡಿದ ಕೆಲಸದ ಬೆಲೆಯೋ, ಒಂದು ಮನೆ ಒಂದು ದಿನ ಬದುಕಲು ಬೇಕಾದದ್ದೋ? ಐದು ಗಂಟೆಯವರೆಗೆ ಅವರನ್ನು ಯಾರೂ ಕರೆಯದಿದ್ದದ್ದು ಯಾರ ತಪ್ಪು? ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿದ್ದರೂ ತೋಟದಲ್ಲಿ ಹೆಣ್ಣಾಳಿಗೆ ಕಡಿಮೆ ಯಾಕೆ? ಇದೇ ಯಜಮಾನ ಮರುದಿನವೂ ಹೀಗೇ ಮಾಡಿದರೆ ನಸುಕಿನಲ್ಲಿ ಯಾರು ಬಂದಾರು? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದು ಅರ್ಥಶಾಸ್ತ್ರದ ಗಟ್ಟಿ ಪ್ರಶ್ನೆ, ಅದಕ್ಕೆ ಸುಲಭದ ಉತ್ತರ ಇಲ್ಲ. ಉಳಿದ 8 ನಿಮಿಷ ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ. ಅಂಕ ಕೊಡುವುದಾದರೆ ವಾದಕ್ಕೆ ಕೊಡಿ. ಯಜಮಾನ ತಪ್ಪು ಮಾಡಿದ ಎಂದು ಚೆನ್ನಾಗಿ ವಾದಿಸಿದವನಿಗೆ ಪೂರ್ಣ ಅಂಕ ಸಿಗಬೇಕು.

ತರಗತಿ ಕೆಡುವುದು ಎಲ್ಲಿ ಗೊತ್ತೇ? ಕೊನೆಯ ಎರಡು ನಿಮಿಷದಲ್ಲಿ. ಅಧ್ಯಾಪಕರಿಗೆ ತಡೆಯಲಾಗದೆ "ಆದ್ದರಿಂದ ದೇವರ ಕೃಪೆ ಎಂದರೆ ಹೀಗೆ" ಎಂದು ಉಪದೇಶಕ್ಕೆ ಇಳಿಯುತ್ತಾರೆ. ಅದುವರೆಗೆ ಯೋಚಿಸುತ್ತಿದ್ದವರು ಪೆನ್ನು ಮುಚ್ಚುತ್ತಾರೆ. ಕಥೆ ತಾನೇ ಕೆಲಸ ಮಾಡುತ್ತದೆ, ಬಿಟ್ಟುಬಿಡಿ.

ವಿಜ್ಞಾನ ವಿಭಾಗದಲ್ಲಿ ಸಾಮತಿ ಬೇಡ, ಇತಿಹಾಸ ಸಾಕು. ಬಟಾಣಿ ಗಿಡಗಳ ಮೇಲಿನ ಪ್ರಯೋಗವನ್ನು 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಅಗಸ್ಟೀನಿಯನ್ ಮಠದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲೆಮೇತ್ರ್ ಕಥೋಲಿಕ ಗುರು. ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದು ಎಂದು ಎರಡನೆಯ ಜಾನ್ ಪಾಲ್ ಪೋಪರು 1996ರಲ್ಲಿ ಒಪ್ಪಿಕೊಂಡರು. ಇಷ್ಟನ್ನು ಮೂರು ವಾಕ್ಯದಲ್ಲಿ ಹೇಳಿದರೆ ಬೈಬಲ್ ಮತ್ತು ಜೀವಶಾಸ್ತ್ರದ ನಡುವೆ ಒಂದನ್ನು ಬಿಡಬೇಕೆಂದು ಒಳಗೊಳಗೇ ತಳಮಳಿಸುವ ಕ್ರೈಸ್ತ ವಿದ್ಯಾರ್ಥಿಗೆ ದಾರಿ ಕಾಣುತ್ತದೆ. ವಿಕಾಸದ ಪಾಠವನ್ನು ಹಾರಿಸಿಬಿಡುವ ಕ್ರೈಸ್ತ ಅಧ್ಯಾಪಕರು ನಂಬಿಕೆಗೂ ವಿಜ್ಞಾನಕ್ಕೂ ಒಟ್ಟಿಗೆ ಅನ್ಯಾಯ ಮಾಡುತ್ತಾರೆ.

ಕನ್ನಡ ವಿಭಾಗದಲ್ಲಂತೂ ಹುಡುಕಬೇಕಾಗಿಯೇ ಇಲ್ಲ. 1843ರಲ್ಲಿ ಮಂಗಳೂರು ಸಮಾಚಾರ ಹೊರತಂದ ಹರ್ಮನ್ ಮೊಗ್ಲಿಂಗ್ ಬಸವಪುರಾಣವನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಮುದ್ರಿಸಿದ. ಕಿಟೆಲ್ ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದು ಕಟ್ಟಿದ ನಿಘಂಟು 1894ರಲ್ಲಿ ಬಂತು. ಮತಪ್ರಚಾರಕ್ಕೆಂದು ಬಂದವರು ಇನ್ನೊಬ್ಬರ ಪವಿತ್ರ ಗ್ರಂಥವನ್ನು ಇಷ್ಟು ಶ್ರದ್ಧೆಯಿಂದ ಯಾಕೆ ಅಚ್ಚು ಹಾಕಿದರು, ಅದರಲ್ಲಿ ಪ್ರೀತಿ ಎಷ್ಟು, ಖಂಡನೆಯ ತಯಾರಿ ಎಷ್ಟು ಎಂದು ಪದವಿ ವಿದ್ಯಾರ್ಥಿಗಳು ವಾದಿಸಲಿ. ಕ್ರೈಸ್ತ ಕಾಲೇಜು ಮಿಷನರಿಗಳನ್ನು ಬರೀ ಹೊಗಳುವ ಜಾಗ ಆಗಬಾರದು.

ನಿಮ್ಮ 40 ಕ್ರೈಸ್ತ ವಿದ್ಯಾರ್ಥಿಗಳನ್ನು ಈ ಜಗಳದಲ್ಲಿ ಯಾರೂ ನೆನೆದಂತಿಲ್ಲ. ಅವರ ಕಲಿಕೆ ಬಿ.ಎಸ್ಸಿ. ಮಟ್ಟಕ್ಕೆ ಬಂದಿದೆ, ನಂಬಿಕೆಯ ತಿಳಿವಳಿಕೆ ಭಾನುವಾರ ಶಾಲೆಯ ಏಳನೆಯ ತರಗತಿಯಲ್ಲೇ ನಿಂತಿದೆ. 8ರಿಂದ 12 ಜನರ ಓದುಕೂಟ ಮಾಡಿ, ವಾರಕ್ಕೊಂದು ಗಂಟೆ. 16 ಅಧ್ಯಾಯಗಳ ಮಾರ್ಕನ ಸುವಾರ್ತೆ ಒಂದು ಸೆಮಿಸ್ಟರಿಗೆ ಸರಿಯಾಗಿ ಹೊಂದುತ್ತದೆ. ಕಥೋಲಿಕರು ಶುಭಸಂದೇಶ ಎನ್ನುತ್ತಾರೆ, ಪ್ರೊಟೆಸ್ಟೆಂಟರು ಸುವಾರ್ತೆ ಎನ್ನುತ್ತಾರೆ, ಅನುವಾದಗಳೂ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದರೆ ಎಲ್ಲಿ ಮಾತು ಬದಲಾಗುತ್ತದೆ ಎಂದು ಹುಡುಗರೇ ಹಿಡಿಯುತ್ತಾರೆ, ಒಳ್ಳೆಯ ಚರ್ಚೆ ಅಲ್ಲಿಂದ ಶುರುವಾಗುತ್ತದೆ. 1912ರಿಂದ ಇರುವ ವಿದ್ಯಾರ್ಥಿ ಕ್ರೈಸ್ತ ಚಳವಳಿ, 1924ರಿಂದ ಇರುವ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟಗಳ ಸಂಪರ್ಕ ಮಾಡಿಕೊಡಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಕುಟುಂಬಗಳ ಮಕ್ಕಳು ನಮ್ಮ ರಾಜ್ಯದಲ್ಲಿ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿ ಯಲ್ಲಿ ಬರುತ್ತಾರೆ. ಪ್ರಮಾಣಪತ್ರ ತೆಗೆಸದೆ ವಿದ್ಯಾರ್ಥಿವೇತನ ಕಳೆದುಕೊಳ್ಳುವವರಿದ್ದಾರೆ. ಕಚೇರಿಯ ಒಬ್ಬ ಗುಮಾಸ್ತರಿಗೆ ಈ ಕೆಲಸ ವಹಿಸಿ.

ಶಿಸ್ತಿನ ಬಗ್ಗೆ ಒಂದೇ ಮಾತು. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ನಕಲು ಮಾಡಿದರೆ ಅದರ ನಿಯಮವೇ ನಡೆಯಲಿ, ಮುಚ್ಚಿಹಾಕುವುದು ಕರುಣೆಯಲ್ಲ. ಕಾಲೇಜಿನ ಮಟ್ಟದ ತಪ್ಪಿಗೆ ಮಾತ್ರ ಮೂರು ಹೆಜ್ಜೆ ಇಡಿ: ನಡೆದದ್ದನ್ನು ಅವನೇ ಬರೆದು ಒಪ್ಪುವುದು, ಹಾನಿಯಾದವರ ಮುಂದೆ ಕೂತು ಕೇಳಿಸಿಕೊಳ್ಳುವುದು, ಏನು ಮಾಡಿ ಸರಿಪಡಿಸುತ್ತೇನೆ ಎಂದು ದಿನಾಂಕ ಹಾಕಿ ಹೇಳುವುದು. ಆ ದಿನಾಂಕದಂದು ಕೆಲಸ ಆಗಿದ್ದರೆ ಫೈಲ್ ಮುಚ್ಚಿ, ವರ್ಗಾವಣೆ ಪತ್ರದಲ್ಲಿ ಅದರ ನೆರಳು ಬೀಳದಿರಲಿ. ಪಾಪ ಕ್ಷಮಿಸಲ್ಪಡುತ್ತದೆ ಎಂದು ಪ್ರತಿ ಭಾನುವಾರ ಹೇಳುವ ಸಂಸ್ಥೆಯ ನಡತೆ ಪ್ರಮಾಣಪತ್ರದಲ್ಲಿ ಅದು ಕಾಣಬೇಕಲ್ಲವೇ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ವರದಿ ಕೊಡುವಾಗ ನಿಮ್ಮ ಸಂಸ್ಥೆಯ ಮೌಲ್ಯಗಳ, ವೈಶಿಷ್ಟ್ಯದ ಮಾತು ಬರುತ್ತದೆ. ಅಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮದ ಫೋಟೋ ಅಂಟಿಸಬೇಡಿ. ಶುಲ್ಕ ನಿಧಿಯ ಐದು ವರ್ಷದ ಲೆಕ್ಕ, ಆ ಮಕ್ಕಳಲ್ಲಿ ಎಷ್ಟು ಜನ ಪದವಿ ಮುಗಿಸಿದರು ಎಂಬ ಪಟ್ಟಿಯನ್ನು ಹೆಸರಿಲ್ಲದೆ ಇಡಿ.

ಕಡ್ಡಾಯ ತೆಗೆದರೆ ಆರಾಧನೆಗೆ ಯಾರೂ ಬರುವುದಿಲ್ಲ ಎಂಬ ಭಯ ನಿಮ್ಮ ಮೊದಲ ಗುಂಪಿಗೆ ಇದ್ದೇ ಇರುತ್ತದೆ. ಮೊದಲ ತಿಂಗಳು ಸಂಖ್ಯೆ ಕುಸಿಯುವುದು ಖಂಡಿತ. ಎನ್.ಎಸ್.ಎಸ್. ಹುಡುಗರನ್ನು ಕರೆತಂದು ಬೆಂಚು ತುಂಬಿಸಬೇಡಿ. 600 ಜನರ ಸಭಾಂಗಣದಲ್ಲಿ 15 ಜನ ಕೂತರೆ ಸೋತಂತೆ ಕಾಣುತ್ತದೆ, ಅದೇ 15 ಜನ 20 ಕುರ್ಚಿಯ ಕೋಣೆಯಲ್ಲಿ ಕೂತರೆ ಹಾಡು ತುಂಬಿಬರುತ್ತದೆ. ಆದ್ದರಿಂದ ಕೋಣೆ ಬದಲಿಸಿ. ನೆಲಮಹಡಿಯಲ್ಲಿರಲಿ, ಪ್ರಾಂಶುಪಾಲರ ಕೋಣೆಯ ಎದುರಿಗೆ ಬೇಡ. ಒಳಗೆ ಹೋಗುವವರನ್ನು ಯಾರೋ ಎಣಿಸುತ್ತಿದ್ದಾರೆ ಎನಿಸಬಾರದು. ಚಾಪ್ಲಿನ್ 9:15ಕ್ಕೇ ಬಂದು ಬಾಗಿಲು ತೆರೆದು, ಕೀರ್ತನೆಯ ಪುಸ್ತಕಗಳನ್ನು ಕುರ್ಚಿಯ ಮೇಲಿಟ್ಟು ಕೂತಿರಲಿ. ಆ ದಿನ ಯಾರೂ ಬರದಿದ್ದರೆ ಅವರೊಬ್ಬರೇ ಓದಿ, ಪ್ರಾರ್ಥಿಸಿ, ಬಾಗಿಲು ಹಾಕದೆ ಸಭೆಗೆ ಹೋಗಲಿ.